ಎಡಗಡೆ ಮುಂದಿನ ಬೇರಿಂಗ್ ಮಾತ್ರ ಪದೇ ಪದೇ ಯಾಕೆ ಹೋಗುತ್ತದೆ?

ಪ್ರಶ್ನೆ: ನಮ್ಮದು ಚಿಂತಾಮಣಿ ಹತ್ತಿರ. ಐದು ವರ್ಷ ಹಳೆಯ ಪಿಕಪ್ ಇದೆ, 1.7 ಟನ್‌ದು, ಹಿಂದಿನ ಚಕ್ರಕ್ಕೆ ಮಾತ್ರ ಡ್ರೈವ್. ಸೀಸನ್‌ನಲ್ಲಿ ಕೋಲಾರದ ಮಂಡಿಗೆ ಟೊಮೆಟೊ ಹೊಡೆಯುತ್ತೇವೆ, ಉಳಿದ ದಿನ ಸಿಮೆಂಟು, ಕೋಳಿ ಫೀಡು, ಯಾವ ಬಾಡಿಗೆ ಸಿಕ್ಕಿದರೆ ಅದು. ಎಡಗಡೆ ಮುಂದಿನ ಬೇರಿಂಗ್ ಮೊದಲ ಸಲ ಹೋಗಿದ್ದು 70 ಸಾವಿರ ಕಿ.ಮೀ. ಆದ ಮೇಲೆ. ಸರಿ ಅಂತ ಹಾಕಿಸಿದೆ. ಆಮೇಲೆ 9 ಸಾವಿರಕ್ಕೆ ಮತ್ತೆ ಹೋಯಿತು. ಈಗ 6 ಸಾವಿರಕ್ಕೇ ಗುಂಯ್ ಅಂತಿದೆ. ಬಲಗಡೆಯದು ಇನ್ನೂ ಗಾಡಿ ಜೊತೆ ಬಂದಿದ್ದೇ ಇದೆ. ಮೆಕ್ಯಾನಿಕ್ "ಲೋಡ್ ಜಾಸ್ತಿ ಹಾಕ್ತೀರಿ" ಅಂತಾರೆ. 150 ಕ್ರೇಟ್ ಹಾಕುವುದು ನಿಜ. ಸ್ಪೇರ್ಸ್ ಅಂಗಡಿಯವರು "ಲೋಕಲ್ ಮಾಲು ಹಾಕಿದ್ರೆ ಹೀಗೇ" ಅಂತಾರೆ. ಎರಡನೇ ಸಲ ಹೊರಗಿನ ಚಿಕ್ಕ ಬೇರಿಂಗ್ ಮಾತ್ರ ಹಾಕಿದರು, ಒಳಗಿನದು ಚೆನ್ನಾಗಿದೆ ಅಂದರು. ಬ್ರೇಕ್ ಹಿಡಿದಾಗ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತದೆ, ಅದು ಬೇರೆ ವಿಷಯ ಬಿಡಿ. ಈ ಸಲ ಚಕ್ರ ಕೂರುವ ಹಬ್ ಸಮೇತ ಬದಲಾಯಿಸಬೇಕಾ? ಎಷ್ಟು ಸಲ ಅಂತ ದುಡ್ಡು ಹಾಕುವುದು?

ಉತ್ತರ: "ಅದು ಬೇರೆ ವಿಷಯ ಬಿಡಿ" ಅಂತ ಬರೆದು ಮುಂದೆ ಹೋಗಿದ್ದೀರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಲೋಡಿನ ಮಾತು ಮುಗಿಸೋಣ. ಪಿಕಪ್ ಗ್ಯಾರೇಜಿಗೆ ಬಂದರೆ ಸಾಕು, ಏನು ಕೆಟ್ಟಿದ್ದರೂ "ಓವರ್‌ಲೋಡು" ಅಂದುಬಿಡುವುದು ಸುಲಭ. ಓನರೂ ಸಿಕ್ಕಿಬಿದ್ದವರ ಹಾಗೆ ಸುಮ್ಮನಾಗುತ್ತಾರೆ, ಬಿಲ್ ಕೊಟ್ಟು ಹೋಗುತ್ತಾರೆ.

ನಿಮ್ಮ ಬಲಗಡೆ ಬೇರಿಂಗ್ ಎಷ್ಟು ಓಡಿದೆ ಲೆಕ್ಕ ಹಾಕಿ. 70, ಆಮೇಲೆ 9, ಆಮೇಲೆ 6. ಒಟ್ಟು 85 ಸಾವಿರ. ಅದೇ ಟೊಮೆಟೊ, ಅದೇ ಸಿಮೆಂಟು, ಅದೇ ರಸ್ತೆ, ಅದೇ ಡ್ರೈವರ್. ಅದಕ್ಕೇನೂ ಆಗಿಲ್ಲ. ಲೋಡ್ ಒಂದೇ ಕಾರಣವಾಗಿದ್ದರೆ ಬಲಗಡೆಯದೂ ಇಷ್ಟು ಹೊತ್ತಿಗೆ ಕೂಗಬೇಕಿತ್ತು, ಅಲ್ವಾ?

ಇನ್ನೂ ಒಂದು ಲೆಕ್ಕ ಇದೆ. ಕ್ರೇಟಿಗೆ 15 ಕೆ.ಜಿ. ಹಣ್ಣು ಅಂದರೆ 150 ಕ್ರೇಟಿಗೆ 2,250 ಕೆ.ಜಿ. ಖಾಲಿ ಕ್ರೇಟಿನ ತೂಕವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದನ್ನೂ ಸೇರಿಸಿದರೆ ಸುಮಾರು ಎರಡೂವರೆ ಟನ್. ಅಂದರೆ ಗಾಡಿ ಹೊರಬೇಕಾದ್ದಕ್ಕಿಂತ 800 ಕೆ.ಜಿ. ಜಾಸ್ತಿ. ಕಡಿಮೆಯೇನಲ್ಲ. ಆದರೆ ಪಿಕಪ್‌ನ ಬಾಡಿ ಹೆಚ್ಚುಕಮ್ಮಿ ಹಿಂದಿನ ಆಕ್ಸಲ್ ಮೇಲೇ ಕೂತಿರುತ್ತದೆ. ಹಿಂದೆ ಹೇರಿದ ತೂಕದಲ್ಲಿ ಅಂದಾಜು ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ ಒಂದೂವರೆ ಪಾಲು ಮುಂದಿನ ಆಕ್ಸಲಿಗೆ ಬರುತ್ತದೆ. ಆ 800 ಕೆ.ಜಿ.ಯಿಂದ ಮುಂದಿನ ಒಂದೊಂದು ಚಕ್ರಕ್ಕೆ ಬೀಳುವುದು 40ರಿಂದ 60 ಕೆ.ಜಿ. ಅಷ್ಟೇ. ರೋಲರ್ ಬೇರಿಂಗಿನ ಆಯಸ್ಸು ಭಾರ ಏರಿದ್ದಕ್ಕಿಂತ ಬೇಗ ಇಳಿಯುತ್ತದೆ ಅನ್ನುವುದು ನಿಜ. ಭಾರ 10% ಏರಿದರೆ ಆಯಸ್ಸು ಸುಮಾರು 27% ಕಮ್ಮಿ, 50% ಏರಿದರೆ ನಾಲ್ಕರಲ್ಲಿ ಒಂದು ಪಾಲು ಉಳಿಯುತ್ತದೆ. ಈ ಲೆಕ್ಕ ಹಿಡಿದರೂ 70 ಸಾವಿರ ಓಡುವ ಬೇರಿಂಗ್ 50 ಸಾವಿರಕ್ಕೆ ಬರಬಹುದು. 6 ಸಾವಿರಕ್ಕೆ ಬರುವುದಿಲ್ಲ.

ಹಾಗಂತ 150 ಕ್ರೇಟ್ ಹಾಕಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಹಿಂದಿನ ಪಟ್ಟಾ ಸ್ಪ್ರಿಂಗು, ಟೈರು, ಹಿಂದಿನ ಬೇರಿಂಗ್ ಅದರ ಬೆಲೆ ಕೊಡುತ್ತಿವೆ. ಲೋಡ್ ಜಾಸ್ತಿ ಇದ್ದಾಗ ಬ್ರೇಕ್ ಜಾಸ್ತಿ ಹಿಡಿಯಬೇಕು, ಆ ಬಿಸಿ ಮುಂದಿನ ಹಬ್‌ಗೆ ಹೋಗುತ್ತದೆ. ಆದರೆ ಎಡಗಡೆ ಬೇರಿಂಗಿಗೆ ಮುಖ್ಯ ಕಾರಣ ಬೇರೆಲ್ಲೋ ಇದೆ.

ಅಂಗಡಿಯವರ ಮಾತು ಅರ್ಧ ನಿಜ. ನಕಲಿ ಬೇರಿಂಗ್ ಮಾರ್ಕೆಟ್ಟಿನಲ್ಲಿ ಬೇಕಾದಷ್ಟಿದೆ. ಹೆಸರಾಂತ ಕಂಪನಿಯ ಡಬ್ಬ, ಸೀಲು, ಸ್ಟಿಕ್ಕರ್ ಎಲ್ಲ ಇರುತ್ತದೆ, ಒಳಗಿನ ಉಕ್ಕು ಮಾತ್ರ ಬೇರೆ. ಡಬ್ಬ ನೋಡಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ, ಅಷ್ಟು ಚೆನ್ನಾಗಿ ಮಾಡುತ್ತಾರೆ. ದೊಡ್ಡ ಬೇರಿಂಗ್ ಕಂಪನಿಗಳು ಡಬ್ಬದ ಮೇಲಿನ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ನೋಡುವ ಆ್ಯಪ್ ಕೊಟ್ಟಿವೆ, ಬಳಸಿ. ಬೆಂಗಳೂರಿನ ಜೆ.ಸಿ. ರಸ್ತೆಗೇ ಹೋಗಿ ತಂದರೂ ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಅಂದ ಕೂಡಲೇ ರೇಟು ಬದಲಾದರೆ ನಿಮಗೇ ಗೊತ್ತಾಗುತ್ತದೆ. ಆದರೆ ಒಂದೇ ಜಾಗದಲ್ಲಿ ಎರಡು ಬೇರಿಂಗ್ ಹೀಗೆ ಬೇಗ ಬೇಗ ಹೋದಾಗ ನಾನು ಬೇರಿಂಗನ್ನು ಅನುಮಾನಿಸುವುದು ಕೊನೆಗೆ. ಅದು ಕೂತ ಜಾಗ, ಕೂರಿಸಿದ ಕೈ, ಪಕ್ಕದಲ್ಲಿರುವ ಬ್ರೇಕು, ಇವೇ ಮೊದಲು.

ನಿಮ್ಮ ಗಾಡಿಯ ಮುಂದಿನ ಹಬ್‌ನಲ್ಲಿ ಎರಡು ಟೇಪರ್ ಬೇರಿಂಗ್, ಅಂದರೆ ಒಂದು ತುದಿಗೆ ಕಿರಿದಾಗುವ ರೋಲರ್‌ಗಳ ಬೇರಿಂಗ್ ಇವೆ. ಒಳಗೆ ದೊಡ್ಡದು, ಹೊರಗೆ ಚಿಕ್ಕದು. ಒಂದೊಂದರಲ್ಲೂ ಎರಡು ಭಾಗ: ಹಬ್ ಒಳಗೆ ಬಿಗಿಯಾಗಿ ಕೂರುವ ಕಪ್, ಮತ್ತೆ ರೋಲರ್‌ಗಳನ್ನು ಹಿಡಿದಿರುವ ಕೋನ್. ಇವೆರಡೂ ಜೋಡಿ. ಹಳೆಯ ಕಪ್ ಕಿತ್ತು ತೆಗೆಯುವುದು ಕಷ್ಟದ ಕೆಲಸ, ಅದಕ್ಕೇ ಎಷ್ಟೋ ಕಡೆ ಕಪ್ ಹಾಗೇ ಬಿಟ್ಟು ಹೊಸ ಕೋನ್ ಹಾಕಿ ಕಳಿಸುತ್ತಾರೆ. ಹಳೆಯ ಕಪ್ಪಿನಲ್ಲಿ ಉಗುರಿಗೆ ತಾಗುವಷ್ಟು ಗೀರು ಇದ್ದರೂ ಹೊಸ ರೋಲರ್ ಅದರ ಮೇಲೇ ಸಾವಿರಾರು ಸಲ ಉರುಳಬೇಕು. ಕೆಲವೇ ಸಾವಿರ ಕಿಲೋಮೀಟರಿಗೆ ಹೊಸದೂ ಹಳೆಯದರ ಹಾಗೇ ಆಗುತ್ತದೆ. ಜೊತೆಗೆ ಒಂದು ಬೇರಿಂಗ್ ಪುಡಿಯಾದಾಗ ಆ ಉಕ್ಕಿನ ಪುಡಿ ಗ್ರೀಸಿನಲ್ಲಿ ಸೇರಿ ಹಬ್ ತುಂಬ ಓಡಾಡಿರುತ್ತದೆ. "ಒಳಗಿನದು ಚೆನ್ನಾಗಿದೆ" ಅಂದವರು ಅದನ್ನು ತೊಳೆದು ನೋಡಿದ್ದರೋ, ಗ್ರೀಸ್ ಸಮೇತ ಒಂದು ಸುತ್ತು ತಿರುಗಿಸಿ ಹೇಳಿದರೋ? ಕೇಳಿ ನೋಡಿ. ಎರಡನೇ ಸಲ ಹಾಕಿದ್ದು 6 ಸಾವಿರಕ್ಕೇ ಹೋಗಲು ಇಷ್ಟೇ ಸಾಕು.

ಈಗ ಆ ಎಡಕ್ಕೆ ಎಳೆಯುವ ವಿಷಯ. ಬ್ರೇಕ್ ಹಿಡಿದಾಗ ಗಾಡಿ ಎಡಕ್ಕೆ ಹೋಗುತ್ತದೆ ಅಂದರೆ ಎಡಗಡೆ ಬ್ರೇಕ್ ಜಾಸ್ತಿ ಹಿಡಿಯುತ್ತಿದೆ, ಇಲ್ಲವೇ ಬಲಗಡೆಯದು ಕಮ್ಮಿ ಹಿಡಿಯುತ್ತಿದೆ. ಹೇಗಿದ್ದರೂ ಬಿಸಿಯಾಗುವುದು ಎಡಗಡೆ ಡಿಸ್ಕ್. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್‌ಗಳಿಗೆ ತುಕ್ಕು ಹಿಡಿದಿದ್ದರೆ, ಪಿಸ್ಟನ್ ಪೂರ್ತಿ ಹಿಂದೆ ಹೋಗದಿದ್ದರೆ, ನೀವು ಪೆಡಲ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಆ ಡಿಸ್ಕ್ ಬೋಲ್ಟ್ ಆಗಿರುವುದು ಬೇರಿಂಗ್ ಕೂತಿರುವ ಹಬ್ಬಿಗೇ. ಸಾಮಾನ್ಯ ಲಿಥಿಯಂ ಗ್ರೀಸ್ 180 ಡಿಗ್ರಿ ಆಸುಪಾಸಿನಲ್ಲಿ ಕರಗಿ ತೊಟ್ಟಿಕ್ಕಲು ಶುರು ಮಾಡುತ್ತದೆ. ಅದಕ್ಕಿಂತ ಎಷ್ಟೋ ಮುಂಚೆಯೇ ತೆಳ್ಳಗಾಗಿ, ಗ್ರೀಸನ್ನು ಒಳಗೆ ಹಿಡಿದಿಡುವ ಸೀಲ್ ದಾಟಿ ಹೊರಗೆ ಬರುತ್ತದೆ. ರಿಮ್ ಒಳಮೈಯಲ್ಲಿ ಕಪ್ಪಗೆ ಗ್ರೀಸ್ ಚಿಮ್ಮಿದ ಗುರುತು ಇದೆಯಾ ನೋಡಿ. ಇದ್ದರೆ ಕಥೆ ಬಹುತೇಕ ಇದೇ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಹತ್ತು ಹನ್ನೆರಡು ಕಿ.ಮೀ. ಖಾಲಿ ಗಾಡಿ ಓಡಿಸಿ, ಕೊನೆಯಲ್ಲಿ ಬ್ರೇಕ್ ಆದಷ್ಟು ಕಮ್ಮಿ ಬಳಸಿ ನಿಲ್ಲಿಸಿ. ಎರಡೂ ಕಡೆ ಹಬ್ ಕ್ಯಾಪ್ ಹತ್ತಿರ ಕೈ ತನ್ನಿ. ಮುಟ್ಟಬೇಡಿ, ಹತ್ತಿರ ತಂದರೆ ಸಾಕು. ಎಡಗಡೆ ಕಾವು ಹೊಡೆದು, ಬಲಗಡೆ ಬರೀ ಬೆಚ್ಚಗಿದ್ದರೆ ಒಂದು ಸುಳಿವು ಸಿಕ್ಕಿತು. ಬೇರಿಂಗ್ ಹಾಳಾದರೂ ಹಬ್ ಬಿಸಿಯಾಗುತ್ತದೆ, ಹಾಗಾಗಿ ಇದೊಂದರಿಂದಲೇ ತೀರ್ಮಾನ ಬೇಡ. ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಚಕ್ರ ತಿರುಗಿಸಿ ನೋಡಿ. ಒಂದು ಸಲ ಬ್ರೇಕ್ ಒತ್ತಿ ಬಿಟ್ಟ ಮೇಲೆ ಚಕ್ರ ಸಲೀಸಾಗಿ ತಿರುಗುತ್ತದಾ, ಬಿಗಿಯಾಗಿ ಉಜ್ಜುತ್ತದಾ? ಬ್ರೇಕ್ ಸರಿ ಮಾಡಿಸದೆ ನಾಲ್ಕನೇ ಬೇರಿಂಗ್ ಹಾಕಿದರೆ ಅದೂ ಹೋಗುತ್ತದೆ, ಯಾವ ಕಂಪನಿಯದಾದರೂ.

ಜಾಕ್ ಹಾಕಿದಾಗಲೇ ಇನ್ನೊಂದು ನೋಡಿಬಿಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲವಾಗಿ ಅಲ್ಲಾಡುವುದು, ಇದೆ ಅನ್ನಿಸಿದರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಈಗ ಆಟ ಮಾಯವಾದರೆ ಅದು ಬೇರಿಂಗಿನದು. ಬ್ರೇಕ್ ಒತ್ತಿದರೂ ಆಟ ಉಳಿದರೆ ಚಕ್ರದ ಭಾಗವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಬಾಲ್ ಜಾಯಿಂಟ್ ಕಡೆ ನೋಡಬೇಕು. ಗುಂಯ್ ಶಬ್ದ ಕೂಡ ಎಲ್ಲ ಸಲ ಬೇರಿಂಗಿನದಲ್ಲ, ಅಲೆಅಲೆಯಾಗಿ ಸವೆದ ಟೈರೂ ಹಾಗೇ ಕೂಗುತ್ತದೆ. ಟೈರಿನ ಸದ್ದು ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಬದಲಾಗುತ್ತದೆ. ಬೇರಿಂಗಿನ ಸದ್ದು ಸ್ಟೇರಿಂಗ್ ತಿರುಗಿಸಿದಾಗ ಬದಲಾಗುತ್ತದೆ. ಬಲಕ್ಕೆ ತಿರುಗಿಸಿದಾಗ ಭಾರ ಎಡಗಡೆ ಚಕ್ರಕ್ಕೆ ಬೀಳುತ್ತದೆ, ಆಗ ಸದ್ದು ಜಾಸ್ತಿಯಾದರೆ ಎಡಗಡೆಯದೇ.

ಈಗ ನನ್ನ ಮುಖ್ಯ ಮಾತು. ಈ ಸಲ ಬಿಚ್ಚಿದಾಗ ಹಳೆಯ ಬೇರಿಂಗನ್ನು ಗುಜರಿ ಡಬ್ಬಕ್ಕೆ ಎಸೆಯಲು ಬಿಡಬೇಡಿ. ನೀವು ಅಲ್ಲೇ ನಿಂತಿರಿ. ಎರಡೂ ಕಪ್, ಎರಡೂ ಕೋನ್, ಸೀಲ್ ಎಲ್ಲ ಕೈಗೆ ತೆಗೆದುಕೊಂಡು ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು ಬಿಸಿಲಿಗೆ ಹಿಡಿದು ನೋಡಿ. ಯಾಕೆ ಹೋಯಿತು ಅಂತ ಆ ಕಪ್ಪಿನ ಒಳಮೈಯಲ್ಲೇ ಬರೆದಿರುತ್ತದೆ.

ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದೆಯಾ? ಅದು ಬಿಸಿ. ಉಕ್ಕು ನೀಲಿಯಾಗಬೇಕಾದರೆ 300 ಡಿಗ್ರಿ ಹತ್ತಿರ ಹೋಗಿರಬೇಕು, ಅಷ್ಟಕ್ಕೆ ಅದರ ಗಡಸುತನವೇ ಇಳಿದಿರುತ್ತದೆ. ಬ್ರೇಕ್ ಅಂಟಿರಬೇಕು, ನಟ್ ಅತಿ ಬಿಗಿಯಾಗಿರಬೇಕು, ಇಲ್ಲವೇ ಗ್ರೀಸ್ ಇರಲೇ ಇಲ್ಲ. ರೋಲರ್‌ಗಳ ನಡುವೆ ಎಷ್ಟು ಅಂತರ ಇದೆಯೋ ಅಷ್ಟೇ ಅಂತರಕ್ಕೆ ಸಾಲಾಗಿ ತಗ್ಗು ಬಿದ್ದಿದ್ದರೆ ಅದು ಏಟು. ದೊಡ್ಡ ಗುಂಡಿಗೆ ಬಿದ್ದಿರಬಹುದು, ಆದರೆ ಹೊಸ ಬೇರಿಂಗಿನಲ್ಲಿ ಹೀಗಿದ್ದರೆ ನನಗೆ ಅದನ್ನು ಕೂರಿಸುವಾಗ ಹೊಡೆದ ಸುತ್ತಿಗೆ ಮೇಲೆ ಅನುಮಾನ. ಅದೇ ಅಂತರಕ್ಕೆ ಕಪ್ಪು ಅಥವಾ ತುಕ್ಕಿನ ಗೆರೆಗಳಿದ್ದರೆ ನೀರು ಹೋಗಿದೆ. ಹೊಳಪೆಲ್ಲ ಹೋಗಿ ಬೂದಿ ಬಣ್ಣಕ್ಕೆ ಮಂಕಾಗಿದ್ದರೆ ಮಣ್ಣು, ಪುಡಿ. ರೋಲರ್ ಓಡಿದ ದಾರಿ ಒಂದು ಕಡೆ ಮೇಲೆ, ಎದುರುಗಡೆ ಕೆಳಗೆ, ಹೀಗೆ ವಾರೆಯಾಗಿದ್ದರೆ ಕಪ್ ನೇರವಾಗಿ ಕೂತೇ ಇರಲಿಲ್ಲ. ಕಪ್ಪಿನ ಹೊರಮೈ, ಅಂದರೆ ಹಬ್ಬಿಗೆ ತಾಗುವ ಭಾಗ, ಕನ್ನಡಿಯ ಹಾಗೆ ಉಜ್ಜಿ ಹೊಳೆಯುತ್ತಿದ್ದರೆ ಕಪ್ ಹಬ್ ಒಳಗೇ ತಿರುಗುತ್ತಿತ್ತು ಅಂತ ಅರ್ಥ.

ಈ ಕೊನೆಯದು ಕಂಡರೆ ನಿಮ್ಮ ಪ್ರಶ್ನೆಗೆ ಉತ್ತರ ಹೌದು, ಹಬ್ ಬದಲಾಯಿಸಲೇಬೇಕು. ಕಪ್ ಕೈಯಲ್ಲಿ ಒತ್ತಿದರೆ ಒಳಗೆ ಹೋಗುವಷ್ಟು ಹಬ್ ಸಡಿಲವಾಗಿದ್ದರೆ ನಮ್ಮ ಕಡೆ ಏನು ಮಾಡುತ್ತಾರೆ ಗೊತ್ತಲ್ಲ? ಹಬ್ ಒಳಗೆ ಸೆಂಟರ್ ಪಂಚ್‌ನಿಂದ ಸುತ್ತಲೂ ಚುಕ್ಕಿ ಹೊಡೆದು, ಆ ಉಬ್ಬಿನ ಮೇಲೆ ಕಪ್ ಟೈಟ್ ಮಾಡುತ್ತಾರೆ. ಇಲ್ಲ ತಗಡಿನ ಚೂರು ಸುತ್ತುತ್ತಾರೆ. ಆ ಹೊತ್ತಿಗೆ ಬಿಗಿ ಅನ್ನಿಸುತ್ತದೆ, ಆದರೆ ಕಪ್ ನಾಲ್ಕಾರು ಚುಕ್ಕಿ ಮೇಲೆ ನಿಂತಿರುತ್ತದೆ, ಒಂದು ಸೀಸನ್ ಕೂಡ ಬಾಳುವುದಿಲ್ಲ. ರಾತ್ರಿ ದಾರಿಯಲ್ಲಿ ನಿಂತ ಗಾಡಿಯನ್ನು ಊರು ಮುಟ್ಟಿಸಲು ಸರಿ, ದಿನಾ ಬಾಡಿಗೆಗೆ ಅಲ್ಲ. ಕಪ್ ಬಿಗಿಯಾಗೇ ಇದ್ದರೆ ಸುಮ್ನೆ ಹಬ್ಬಿಗೆ ದುಡ್ಡು ಹಾಕಬೇಡಿ. ಕೋನ್ ಕೂರುವ ಸ್ಟಬ್ ಆಕ್ಸಲ್ ಮೇಲೂ ಬೆರಳು ಓಡಿಸಿ ನೋಡಿ. ನೀಲಿಯಾಗಿದ್ದರೆ, ಗೀರು ಗುಂಡಿ ಬಿದ್ದಿದ್ದರೆ ಅದನ್ನೂ ಬದಲಾಯಿಸಬೇಕು. ವೆಲ್ಡಿಂಗ್ ತುಂಬಿಸಿ ಲೇತ್‌ನಲ್ಲಿ ಕಡೆಸಿಕೊಡುತ್ತೇನೆ ಅನ್ನುವವರಿದ್ದಾರೆ. ಚಕ್ರ ನಿಂತಿರುವುದೇ ಆ ಒಂದು ಕಂಬಿ ಮೇಲೆ. ನಾನು ಮಾಡುವುದಿಲ್ಲ, ಮಾಡಿಸಿ ಅಂತಲೂ ಹೇಳುವುದಿಲ್ಲ.

ವೆಲ್ಡಿಂಗ್ ಅಂದಾಗ ನೆನಪಾಯಿತು. ಇತ್ತೀಚೆಗೆ ಗಾಡಿಯ ಬಾಡಿ ಮೇಲೆ ಕೊಕ್ಕೆ, ಗೇಟು, ಟರ್ಪಾಲಿನ ಕಂಬಿ ಏನಾದರೂ ವೆಲ್ಡ್ ಮಾಡಿಸಿದ್ದೀರಾ? ಅರ್ತ್ ಕ್ಲ್ಯಾಂಪನ್ನು ಎಲ್ಲಿ ಕಚ್ಚಿಸಿದ್ದರು? ಕೈಗೆ ಸಿಕ್ಕಿತು ಅಂತ ರಿಮ್ಮಿಗೋ ಹಬ್ಬಿಗೋ ಕಚ್ಚಿಸಿದರೆ ಆ ಕರೆಂಟ್ ಬೇರಿಂಗಿನ ರೋಲರ್ ದಾಟಿಕೊಂಡೇ ಹೋಗಬೇಕು. ತಾಗುವ ಜಾಗದಲ್ಲೆಲ್ಲ ಸೂಜಿಮೊನೆಯಷ್ಟು ಸುಟ್ಟ ಗುಂಡಿ ಬೀಳುತ್ತದೆ. ಬೇರಿಂಗ್ ಆ ದಿನ ಚೆನ್ನಾಗಿಯೇ ತಿರುಗುತ್ತದೆ, ಕೂಗಲು ಶುರು ಮಾಡುವುದು ಆಮೇಲೆ. ಅರ್ತ್ ಯಾವಾಗಲೂ ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಇರಬೇಕು.

ನೀರಿನ ವಿಷಯದಲ್ಲೂ ಎಡಗಡೆ ಚಕ್ರವೇ ಪಾಪದ್ದು. ಎದುರು ಬಸ್ ಬಂದರೆ ಡಾಂಬರಿನಿಂದ ಕೆಳಗಿಳಿಯುವುದು ಅದು, ರಸ್ತೆ ಅಂಚಿನಲ್ಲಿ ನಿಂತ ನೀರಿಗೆ, ಕೆಸರಿಗೆ ಬೀಳುವುದೂ ಅದೇ. ಹಬ್ ಬಿಸಿಯಾಗಿದ್ದಾಗ ಒಳಗಿನ ಗಾಳಿ ಹಿಗ್ಗಿರುತ್ತದೆ. ಫಕ್ಕನೆ ತಣ್ಣೀರು ಬಿದ್ದರೆ ಗಾಳಿ ಕುಗ್ಗಿ, ಸವೆದ ಸೀಲಿನ ಅಂಚಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಲೋಡ್ ಇಳಿಸಿ ಸೀದಾ ವಾಟರ್ ಸರ್ವಿಸ್‌ಗೆ ಬಿಟ್ಟು, ಪ್ರೆಶರ್ ಗನ್ ಹಬ್ಬಿಗೇ ಹಿಡಿಸುವ ಅಭ್ಯಾಸ ಇದ್ದರೆ ಬಿಡಿ. ಹೊರಗಿನ ಡಸ್ಟ್ ಕ್ಯಾಪ್ ಕೂಡ ನೋಡಿ. ಮೂರು ಸಲ ಉಳಿ ಹಾಕಿ ಮೀಟಿ, ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಕ್ಯಾಪ್ ದುಂಡಗೆ ಉಳಿದಿರುವುದಿಲ್ಲ. ಅದರ ಬೆಲೆ ಏನೂ ಅಲ್ಲ, ಹೊಸದು ಹಾಕಿಸಿ.

ಇನ್ನು ಕೂರಿಸುವ ಕೆಲಸ. ನೀವು ಗ್ಯಾರೇಜಿನಲ್ಲಿ ನಿಂತು ಕೇಳಬೇಕಾದ್ದು ಇಷ್ಟು. ಎರಡೂ ಬೇರಿಂಗ್ ಕಪ್ ಸಮೇತ ಹೊಸದು, ಸೀಲ್ ಹೊಸದು, ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಹೊಸದು. ಹಬ್ ಒಳಗಿನ ಹಳೆಯ ಗ್ರೀಸ್ ಪೂರ್ತಿ ಒರೆಸಿ ತೊಳೆಯಬೇಕು, ಹಳೆಯದರ ಮೇಲೆ ಹೊಸದು ಹಾಕುವುದು ಬೇಡ. ಕೆಲವು ಜಾತಿಯ ಗ್ರೀಸ್ ಒಂದಕ್ಕೊಂದು ಸೇರಿದರೆ ನೀರಾಗಿಬಿಡುತ್ತದೆ, ಹಿಂದೆ ಯಾವುದು ಹಾಕಿದ್ದರು ಅಂತ ಯಾರಿಗೆ ಗೊತ್ತು? ಕಪ್ಪನ್ನು ಪ್ರೆಸ್‌ನಲ್ಲೋ ಹಿತ್ತಾಳೆ ಡ್ರಿಫ್ಟ್‌ನಲ್ಲೋ ಸುತ್ತಲೂ ಸಮವಾಗಿ ತಳ ಮುಟ್ಟುವವರೆಗೆ ಇಳಿಸಬೇಕು. ತಳ ಮುಟ್ಟಿದಾಗ ಏಟಿನ ಸದ್ದೇ ಬದಲಾಗುತ್ತದೆ, ಕೈ ಪಳಗಿದವರಿಗೆ ಗೊತ್ತು. ಗ್ರೀಸ್ ಡಿಸ್ಕ್ ಬ್ರೇಕಿಗೆ ಆಗುವ ವೀಲ್ ಬೇರಿಂಗ್ ಗ್ರೀಸೇ ಆಗಿರಲಿ, ಲಿಥಿಯಂ ಕಾಂಪ್ಲೆಕ್ಸ್ ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು, ಕೋನ್‌ನ ಅಗಲದ ಕಡೆಯಿಂದ ಒತ್ತಿ ಒತ್ತಿ, ರೋಲರ್‌ಗಳ ಸಂದಿನಿಂದ ಇನ್ನೊಂದು ಕಡೆಗೆ ಬರುವವರೆಗೆ ತುಂಬಬೇಕು. ಹಬ್ ಒಳಗಿನ ಖಾಲಿ ಜಾಗವನ್ನು ಮಾತ್ರ ಪೂರ್ತಿ ತುಂಬಬಾರದು. ಮೂರರಲ್ಲಿ ಒಂದು ಪಾಲು, ಹೆಚ್ಚೆಂದರೆ ಅರ್ಧ. "ಗ್ರೀಸ್ ಜಾಸ್ತಿ ಇದ್ದಷ್ಟೂ ಒಳ್ಳೇದು" ಅನ್ನುವುದು ತಪ್ಪು. ಜಾಸ್ತಿಯಾದರೆ ಕಡೆದು ಕಡೆದು ಬಿಸಿಯಾಗಿ ಸೀಲ್ ತಳ್ಳಿಕೊಂಡು ಬ್ರೇಕ್ ಪ್ಯಾಡ್ ಮೇಲೆ ಬರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕೆಡುವುದು ನಟ್ ಬಿಗಿಯುವಾಗ. "ಲೋಡ್ ಗಾಡಿ ಅಲ್ವಾ, ಚೆನ್ನಾಗಿ ಟೈಟ್ ಮಾಡಿದ್ದೀನಿ ಅಣ್ಣ" ಅಂತ ಹುಡುಗ ಹೇಳಿದರೆ ಖುಷಿ ಪಡಬೇಡಿ. ಈ ಬೇರಿಂಗ್ ಬಿಗಿ ಮಾಡಿದಷ್ಟೂ ಬೇಗ ಸುಡುತ್ತದೆ. ಸಾಮಾನ್ಯ ಕ್ರಮ ಹೀಗೆ: ಹಬ್ ತಿರುಗಿಸುತ್ತಲೇ ನಟ್ ಬಿಗಿದು ರೋಲರ್‌ಗಳನ್ನು ಕೂರಿಸುವುದು, ಆಮೇಲೆ ನಟ್ ಪೂರ್ತಿ ಸಡಿಲಿಸುವುದು, ಮತ್ತೆ ಹಗುರವಾಗಿ ತಂದು ನಿಲ್ಲಿಸುವುದು. ಪಿನ್ನಿನ ತೂತು ಸರಿಹೊಂದದಿದ್ದರೆ ಸಡಿಲಿಸಿ ಹೊಂದಿಸಬೇಕು, ಬಿಗಿದು ಅಲ್ಲ. ಕೊನೆಗೆ ಉಳಿಯುವ ಆಟ ಸಾಮಾನ್ಯವಾಗಿ 0.03ರಿಂದ 0.13 ಮಿ.ಮೀ., ಒಂದು ತಲೆಕೂದಲಿನ ದಪ್ಪ ಅನ್ನಿ. ಡಯಲ್ ಗೇಜ್ ಇರುವ ಕಡೆ ಮಾಡಿಸಿದರೆ ಒಳ್ಳೆಯದು. ಕೆಲವು ಗಾಡಿಗಳಿಗೆ ಸ್ಪ್ರಿಂಗ್ ಬ್ಯಾಲೆನ್ಸ್ ಕಟ್ಟಿ ಹಬ್ ಎಳೆದು ಬಿಗಿ ನೋಡುವ ಕ್ರಮ ಇದೆ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಯಾವುದಿದೆಯೋ ಅದೇ ಕೊನೆ ಮಾತು. 500 ಕಿ.ಮೀ. ಓಡಿದ ಮೇಲೆ ಮತ್ತೆ ಜಾಕ್ ಹಾಕಿ ಆಟ ನೋಡಿಸಿ. ಕಪ್ ಸ್ವಲ್ಪ ಕೂತು ಸಡಿಲವಾಗಿದ್ದರೆ ಅಲ್ಲೇ ಸಿಗುತ್ತದೆ.

ಸೀಲ್ಡ್ ಹಬ್ ಬೇರಿಂಗ್, ಅಂದರೆ ಗ್ರೀಸ್ ತುಂಬಿ ಮುಚ್ಚಿಯೇ ಬರುವ ಬೇರಿಂಗ್ ಇರುವ ಗಾಡಿಯವರಿಗೆ ಈ ಗ್ರೀಸ್, ಆಟದ ಲೆಕ್ಕ ಇಲ್ಲ. ಅಲ್ಲಿ ಪೂರ್ತಿ ಯೂನಿಟ್ಟೇ ಬದಲು. ಅಲ್ಲಿನ ಆಕ್ಸಲ್ ನಟ್ಟನ್ನು ಟಾರ್ಕ್ ರೆಂಚ್ ಇಲ್ಲದೆ ಏರ್ ಗನ್ನಿನಿಂದ ಅಂದಾಜಿಗೆ ಹೊಡೆಯಬಾರದು, ಅಷ್ಟು ನೆನಪಿಟ್ಟುಕೊಳ್ಳಿ.

ಇದೆಲ್ಲ ಮಾಡಿಸುವವರೆಗೆ ಓಡಿಸಬಹುದಾ? ಬರೀ ಸದ್ದು ಇದ್ದು ಆಟ ಇಲ್ಲದಿದ್ದರೆ ಖಾಲಿ ಗಾಡಿಯನ್ನು ನಿಧಾನವಾಗಿ ಗ್ಯಾರೇಜಿಗೆ ತೆಗೆದುಕೊಂಡು ಹೋಗಬಹುದು. ಆಟ ಬಂದಿದ್ದರೆ ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಆಟ ಇದ್ದಾಗ ಡಿಸ್ಕ್ ಓಲಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ, ಮುಂದಿನ ಸಲ ಬ್ರೇಕ್ ಒತ್ತಿದರೆ ಪೆಡಲ್ ಅರ್ಧ ಕೆಳಗೆ ಹೋಗುತ್ತದೆ. ಇನ್ನೂ ಬಿಟ್ಟರೆ ರೋಲರ್ ಪುಡಿಯಾಗಿ ಹಬ್ ಕಚ್ಚಿಕೊಳ್ಳಬಹುದು, ಚಕ್ರ ಕಳಚಿ ಹೋಗಲೂಬಹುದು. ಸೀಸನ್ ನಡೀತಿದೆ, ಇನ್ನೆರಡು ಟ್ರಿಪ್ ಹೊಡೆದುಬಿಡೋಣ ಅನ್ನಿಸುವುದು ಸಹಜ. ಎರಡೂವರೆ ಟನ್ ಹಿಂದಿಟ್ಟುಕೊಂಡು ಆ ಎರಡು ಟ್ರಿಪ್ ಬೇಡ.

ಕೊನೆಗೆ ಬಲಗಡೆಯದು. "ಜೊತೆಗೇ ಅದನ್ನೂ ಹಾಕಿಬಿಡಿ, ಹಳೇದಾಗಿದೆ" ಅನ್ನುತ್ತಾರೆ. ಬಿಚ್ಚಿ ತೊಳೆದು ನೋಡದೆ ಒಪ್ಪಬೇಡಿ. ಕಪ್ಪಿನಲ್ಲಿ ಗೀರು, ಬಣ್ಣ, ತಗ್ಗು ಏನೂ ಇಲ್ಲದಿದ್ದರೆ ಅದೇ ಕೋನ್ ಅದೇ ಕಪ್ಪಿಗೆ ವಾಪಸ್ ಹೋಗಲಿ, ಒಂದರದ್ದು ಇನ್ನೊಂದಕ್ಕೆ ಹಾಕುವುದು ಬೇಡ. ತೊಳೆದ ಮೇಲೆ ಏರ್ ಹೊಡೆದು ಗಿರಗಿರ ತಿರುಗಿಸಲು ಬಿಡಬೇಡಿ, ಒಣಗಿದ ಬೇರಿಂಗ್ ಅದಕ್ಕೇ ಹಾಳಾಗುತ್ತದೆ. ಹೊಸ ಗ್ರೀಸ್, ಹೊಸ ಸೀಲ್, ಹೊಸ ಪಿನ್ ಸಾಕು. ಆ ಬೇರಿಂಗಿನಲ್ಲಿ ಇನ್ನೂ ಜೀವ ಇರಬಹುದು.